ಕಾರಮ್ಮನವರ ಗಾಡಿ ಎಷ್ಟು ಕೊಡುತ್ತೆ?

ಅವರ ತಿಥಿಯ ದಿನ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದವರೆಲ್ಲ ಒಂದು ಗಳಿಗೆ ಆ ಕಾರಿನ ಮುಂದೆ ನಿಂತೇ ಬಂದರು. ತಗಡಿನ ಚಪ್ಪರದ ಕೆಳಗೆ ಅದು ಎಂದಿನಂತೆ ನಿಂತಿತ್ತು. ಕರಿ ಬಣ್ಣ, ಕಣ್ಣು ಉಬ್ಬಿಸಿಕೊಂಡು ಯಾರನ್ನೋ ಗದರಲು ಹೊರಟಂಥ ಎರಡು ದೀಪ, ಎಡಗಡೆಯ ಮಡ್‌ಗಾರ್ಡಿನ ಮೇಲೆ ಹಳೆಯ ನೆಗ್ಗು. ಬೆಂಗಳೂರಿನಿಂದ ಬಂದಿದ್ದ ನೆಂಟರೊಬ್ಬರು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಬಾನೆಟ್ಟಿನ ಮೇಲೆ ಕೈಯಾಡಿಸಿ ಕೇಳಿದರು:

"ಒಳ್ಳೇ ಗಾಡಿ. ಎಷ್ಟು ಕೊಡುತ್ತೆ?"

ಆ ಮನೆಯಲ್ಲಿ ಆ ಮಾತನ್ನು ಕೇಳುವ ಧೈರ್ಯ ವರ್ಷಗಳಿಂದ ಯಾರಿಗೂ ಇರಲಿಲ್ಲ. ನೆಂಟರಿಗೆ ಉತ್ತರ ಸಿಕ್ಕಿತು. ಆದರೆ ಅದು ಬಂದದ್ದು ನಾನು ಕನಸಿನಲ್ಲೂ ಎಣಿಸದ ಬಾಯಿಂದ. ಅದನ್ನು ಹೇಳಬೇಕಾದರೆ ಮೊದಲು ಆ ಕಾರಿನ ಒಡತಿಯ ವಿಷಯ ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆಯುವಷ್ಟು ದೊಡ್ಡವರು ಈ ಊರಲ್ಲಿ ಯಾರೂ ಉಳಿದಿಲ್ಲ. ದೊಡ್ಡಬಳ್ಳಾಪುರಕ್ಕೆಲ್ಲ ಅವರು ಕಾರಮ್ಮ. ನಮ್ಮ ಕಡೆಯ ನಾಲಿಗೆಯಲ್ಲಿ ಮೆಣಸಿನಕಾಯಿಯ ಖಾರವೂ 'ಕಾರ'ವೇ. ಹಾಗಾಗಿ ಕಾರು ಓಡಿಸುತ್ತಾರೆಂದು ಆ ಹೆಸರು ಬಂತೋ, ಮಾತಿನ ಖಾರಕ್ಕೆ ಬಂತೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ನಾನೇ ಕೇಳಿಬಿಟ್ಟೆ. "ಎರಡಕ್ಕೂ ಇರ್ಲಿ ಬಿಡೇ. ಒಂದೇ ಹೆಸರಲ್ಲಿ ಎರಡು ಕೆಲಸ ಆಯ್ತದೆ" ಎಂದರು.

ನಾನು ಜಡಿಗೇನಹಳ್ಳಿಯಿಂದ ಮದುವೆಯಾಗಿ ಆ ಬೀದಿಗೆ, ಅವರ ಪಕ್ಕದ ಮನೆಗೆ ಬಂದಾಗ ಅವರ ಯಜಮಾನರು ಇನ್ನೂ ಇದ್ದರು. ಬೀದಿಯ ತುಂಬ ಮಗ್ಗಗಳ ಸದ್ದು. ಎರಡು ಮನೆಗಳ ನಡುವೆ ಮಾತಾಡಬೇಕಾದರೂ ಕೂಗಿಯೇ ಆಡಬೇಕು. ಯಜಮಾನರು ಸೀರೆಗಳನ್ನು ಬೆಂಗಳೂರಿನ ಪೇಟೆಗೆ ಸಾಗಿಸುತ್ತಿದ್ದರು. ಅದಕ್ಕೇ ಆ ಕಾರು. ಸಂಜೆ ಜಗಲಿಯ ಮೇಲೆ ಕೂತರೆ ಅವರ ಬಾಯಲ್ಲಿ ಒಂದೇ ಮಾತು: "ನಮ್ಮ ಗಾಡಿ ಮೂವತ್ತು ಕೊಡುತ್ತೆ." ಮೂವತ್ತು ಎಂದರೆ ಒಂದು ಗ್ಯಾಲನ್ ಪೆಟ್ರೋಲಿಗೆ ಮೂವತ್ತು ಮೈಲಿ ಎಂದು ನನಗೆ ಆಗ ತಿಳಿಯದು. ನಮ್ಮೂರಲ್ಲಿ ಹಸುವಿನ ವಿಷಯಕ್ಕೆ ಮಾತ್ರ 'ಎಷ್ಟು ಕೊಡುತ್ತೆ' ಎನ್ನುತ್ತಿದ್ದರು. ಹೊಸ ಸೊಸೆ ನಾನು, ಒಳಗೆ ಕೂತು, ಈ ಕರಿಯದು ಹೊತ್ತಿಗೆ ಮೂವತ್ತು ಏನು ಕೊಡುತ್ತದಪ್ಪಾ ಎಂದು ಯೋಚಿಸಿದ್ದೇನೆ.

ಯಜಮಾನರು ಒಂದು ಬೇಸಿಗೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಅವರ ಹಿಂದೆಯೇ ಗ್ಯಾಲನ್ನೂ ಹೋಯಿತು. ಸೇರು ಹೋಗಿ ಕಿಲೋ ಬಂದ ಕಾಲ ಅದು. ಬಸ್‌ಸ್ಟ್ಯಾಂಡಿನ ಪಕ್ಕದ ಪೆಟ್ರೋಲ್ ಬಂಕಿನಲ್ಲೂ ಲೀಟರಿನ ಮೀಟರು ಕೂತಿತು. ಹಾಲಿನವಳು ಮಾತ್ರ ಸರ್ಕಾರದ ಮಾತು ಕೇಳದೆ ಪಾವಿನಲ್ಲೇ ಅಳೆಯುತ್ತಿದ್ದಳು.

ಮಕ್ಕಳಿರಲಿಲ್ಲ. ಮೈದುನ ಇದ್ದರು. ಒಳ್ಳೆಯ ಮನುಷ್ಯರೇ. ಆದರೆ ಮನೆಯ ದೊಡ್ಡ ಗಂಡಸು ಈಗ ನಾನು ಎಂಬುದು ಅವರ ತಲೆಗಿಂತ ಮೊದಲು ಮೀಸೆಗೆ ತಿಳಿದಿತ್ತು. ಅತ್ತಿಗೆ ಮನೆಯಲ್ಲಿರಲಿ, ಸೀರೆಯ ವ್ಯವಹಾರ ತಾನು ನೋಡಿಕೊಳ್ಳುತ್ತೇನೆ, ಕಾರು ಮಾರಿ ಬಸ್ಸಿನಲ್ಲಿ ಗಂಟು ಸಾಗಿಸುತ್ತೇನೆ ಎಂದರು. ಕಾರಮ್ಮ ಕೆರೆಯ ನೀರು ಹಿಂದೆ ಸರಿದಿದ್ದ ಬಯಲಿಗೆ ಕಾರು ತೆಗೆದುಕೊಂಡು ಹೋಗಿ, ಊರಿನ ಹಳೆಯ ಬಸ್ ಡ್ರೈವರನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯತೊಡಗಿದರು. ಒಂದು ಹುಲ್ಲಿನ ಮೆದೆಯೊಳಗೆ ನುಗ್ಗಿದರು. ಒಂದು ಹುಣಸೆ ಮರಕ್ಕೆ ಮಡ್‌ಗಾರ್ಡು ತಾಗಿಸಿದರು. ಆ ನೆಗ್ಗನ್ನು ಅವರು ಕೊನೆಯವರೆಗೂ ಸರಿಮಾಡಿಸಲಿಲ್ಲ. "ನಾನು ಕಲ್ತಿದ್ದಕ್ಕೆ ಅದೇ ಸರ್ಟಿಫಿಕೇಟು" ಎನ್ನುತ್ತಿದ್ದರು.

ಅವರು ಓಡಿಸುವುದನ್ನು ನೋಡಬೇಕಿತ್ತು. ಸೆರಗನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿ, ಬರಿಗಾಲಲ್ಲಿ ಪೆಡಲು ಮೆಟ್ಟುವರು. "ಚಪ್ಪಲಿ ಹಾಕ್ಕೊಂಡ್ರೆ ಅದರ ಮನಸ್ಸು ಕಾಲಿಗೆ ಗೊತ್ತಾಗಲ್ಲ" ಎನ್ನುವರು. ಹಾರ್ನು ಕೆಟ್ಟಿತ್ತೋ, ಅವರೇ ಬಳಸುತ್ತಿರಲಿಲ್ಲವೋ, ಎದುರಿಗೆ ಬಂದವರನ್ನೆಲ್ಲ ಕಿಟಕಿಯಿಂದ ತಲೆ ಹಾಕಿ ಬಾಯಲ್ಲೇ ಸರಿಸುತ್ತಿದ್ದರು. "ಏಯ್ ಗಾಡಿ ಯಜಮಾನ, ನಿದ್ದೆ ಮನೇಲಿ ಮಾಡೋ! ಎತ್ತಿಗಿರೋ ಗ್ಯಾನ ನಿನಗಿಲ್ವಲ್ಲೋ!" ನಾನು ಸೀರೆಯ ಗಂಟುಗಳ ನಡುವೆ ಹಿಂದಿನ ಸೀಟಿನಲ್ಲಿ ಹುದುಗಿ ಕೂತು ನಗುತ್ತಿದ್ದೆ. ನಮ್ಮ ಮನೆಯ ಮಗ್ಗದ ಸೀರೆಗಳನ್ನೂ ಅವರೇ ಪೇಟೆಗೆ ಒಯ್ಯುತ್ತಿದ್ದುದರಿಂದ ನನಗೆ ಜೊತೆ ಹೋಗಲು ಅತ್ತೆಯ ಅಪ್ಪಣೆ ಇತ್ತು. ನಾನು ಬೆಂಗಳೂರು ನೋಡಿದ್ದೇ ಆ ಕಾರಿನ ಕಿಟಕಿಯಿಂದ.

ಮೈದುನರು ಸುಮ್ಮನಾಗಲಿಲ್ಲ. ಹೆಂಗಸು ಕಾರು ಓಡಿಸಬಾರದು ಎಂದು ಬಾಯಿಬಿಟ್ಟು ಹೇಳಿದರೆ ಅತ್ತಿಗೆಯ ಬಾಯಿಗೆ ಸಿಕ್ಕಬೇಕಾಗುತ್ತದೆ. ಆದ್ದರಿಂದ ಪೆಟ್ರೋಲಿನ ದಾರಿ ಹಿಡಿದರು. ಜಗಲಿಯ ಮೇಲೆ ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ಒಂದು ದಿನ ಮಾತು ತೆಗೆದರು.

"ಅತ್ಗೆಮ್ಮ, ಗಾಡಿ ಎಷ್ಟು ಕೊಡ್ತಾ ಐತೆ ಈಗ?"

"ಕೊಡೋಕೆ ಅದೇನು ಸೀಮೆಹಸುವೇನಪ್ಪಾ? ನಾವು ಹಾಕ್ತೀವಿ, ಅದು ಓಡುತ್ತೆ."

"ಅಣ್ಣನ ಕಾಲದಲ್ಲಿ ಮೂವತ್ತು ಕೊಡ್ತಿತ್ತು."

"ಈಗಲೂ ಕೊಡುತ್ತೆ."

"ಅಳೆದು ನೋಡಿದ್ದೀರಾ?"

ಅವರು ಅಳೆದಿರಲಿಲ್ಲ. ಬಂಕಿಗೆ ಹೋದರೆ ಐದು ರೂಪಾಯಿಗೆ ಹಾಕು ಎನ್ನುವುದಷ್ಟೇ ಅವರಿಗೆ ಅಭ್ಯಾಸ. ಹಿರಿಯರಲ್ಲೊಬ್ಬರು ಮೀಸೆಯೊಳಗೆ ನಕ್ಕಿರಬೇಕು. ಕಾರಮ್ಮನ ಮುಖ ಕೆಂಪಾಯಿತು. "ಅಳೆಯೋಣ ನಡಿ. ಇಷ್ಟಕ್ಕೆಲ್ಲ ಹೆದರೋಳಲ್ಲ ನಾನು. ಕಡಿಮೆ ಬಂದ್ರೆ ಮಾರ್ಬಿಡು, ಹೋಗು. ಮಾತು ಕೊಟ್ಟೆ" ಎಂದುಬಿಟ್ಟರು. ಬಾಗಿಲ ಹಿಂದೆ ನಿಂತಿದ್ದ ನಾನು ಕೈ ಹಿಸುಕಿಕೊಂಡೆ. ಕಾರು ಹೋದರೆ ಪೇಟೆ ಹೋಯಿತು, ಪೇಟೆ ಹೋದರೆ ವ್ಯವಹಾರ ಹೋಯಿತು. ಉಳಿದದ್ದು ಅಡಿಗೆ ಮನೆ ಮತ್ತು ಹಿತ್ತಲು. ಇದು ಅವರಿಗೂ ಗೊತ್ತು, ಮೈದುನರಿಗೂ ಗೊತ್ತು.

ಅಳೆಯುವ ಕ್ರಮವನ್ನು ಕಾರಮ್ಮನೇ ಗೊತ್ತುಮಾಡಿದರು. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸುವುದು, ಮೈಲಿಯ ಮೀಟರು ನೋಡಿಕೊಳ್ಳುವುದು, ಬೆಂಗಳೂರಿಗೆ ಹೋಗಿ ಬರುವುದು, ಮತ್ತೆ ಕತ್ತಿನವರೆಗೆ ತುಂಬಿಸುವುದು. ಎರಡನೇ ಸಲ ಎಷ್ಟು ಹಿಡಿಯುತ್ತದೋ ಅಷ್ಟು ಕುಡಿದಿದೆ ಎಂದರ್ಥ. ಎರಡು ಸಲವೂ ಅದೇ ಬಂಕು, ಅದೇ ಜಾಗ, ಕಾರಿನ ಮೂತಿ ಅದೇ ಕಡೆಗೆ. ನೆಲ ವಾಲಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲೂ ವಾಲುತ್ತದಲ್ಲ! ಸಾಕ್ಷಿಗೆ ಮೈದುನರು ಮುಂದಿನ ಸೀಟಿನಲ್ಲಿ, ಸೀರೆಯ ಗಂಟುಗಳ ಜೊತೆ ನಾನು ಹಿಂದೆ.

ದಾರಿಯಲ್ಲಿ ಇಳಿಜಾರು ಬಂತು. ಆಗಿನ ಡ್ರೈವರುಗಳೆಲ್ಲ ಇಳಿಜಾರು ಕಂಡರೆ ಇಂಜಿನ್ನು ಬಂದ್ ಮಾಡಿ, ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಡುತ್ತಿದ್ದರು. ಪೆಟ್ರೋಲು ಉಳಿಸುವ ಉಪಾಯ ಅದು. ನಾನು ಹಿಂದಿನಿಂದ ಬಗ್ಗಿ ಪಿಸುಗುಟ್ಟಿದೆ: "ಅಕ್ಕಾ, ಬಂದ್ ಮಾಡಿ ಬಿಡಿ."

ಕಾರಮ್ಮ ಗಟ್ಟಿಯಾಗಿಯೇ ಅಂದರು: "ದಿನಾ ಮಾಡದೇ ಇರೋದನ್ನ ಇವತ್ತು ಮಾಡಿದ್ರೆ ಅದು ಅಳತೆ ಏನೇ? ಇಂಜಿನ್ ನಿಂತ್ರೆ ಬ್ರೇಕು ನಂಬೋಕಾಗಲ್ಲ. ನಾನು ಹೆಂಗೆ ಓಡಿಸ್ತೀನೋ ಹಂಗೇ ಓಡಿಸೋದು."

ರಾಜಾನುಕುಂಟೆಯ ಹತ್ತಿರ ಕರಿಬೇವಿನ ಕುಕ್ಕೆ ಹೊತ್ತ ಮುದುಕಿ ಕೈ ತೋರಿಸಿದಳು. ಕಾರು ನಿಂತಿತು.

"ಅತ್ಗೆಮ್ಮ, ಭಾರ ಜಾಸ್ತಿ ಆಯ್ತದೆ. ಆಮೇಲೆ ನನ್ನ ಅನ್ನಬ್ಯಾಡಿ" ಎಂದರು ಮೈದುನರು.

"ಅಜ್ಜಿ ದಿನಾ ಹತ್ತುತ್ತೆ. ನೀನೇ ಕಣಪ್ಪಾ ಇವತ್ತಿನ ಜಾಸ್ತಿ ಭಾರ" ಎಂದರು ಕಾರಮ್ಮ. ಮುದುಕಿ ಹತ್ತಿ ನನ್ನ ಮಡಿಲಿಗೆ ಕುಕ್ಕೆ ಇಟ್ಟಳು. ಯಲಹಂಕದವರೆಗೂ ಕಾರೆಲ್ಲ ಒಗ್ಗರಣೆಯ ವಾಸನೆ.

ಹಿಂತಿರುಗಿ ಬಂಕಿಗೆ ಬಂದಾಗ ಮೀಟರು ಹೇಳಿತು, ಓಡಿದ್ದು ಐವತ್ತೊಂಬತ್ತು ಮೈಲಿ. ಟ್ಯಾಂಕು ಹಿಡಿದದ್ದು ಒಂಬತ್ತು ಲೀಟರು. ಮೈದುನರು ಬಾನೆಟ್ಟಿನ ಮೇಲಿನ ಧೂಳಿನಲ್ಲೇ ಬೆರಳಿನಿಂದ ಭಾಗಾಕಾರ ಹಾಕಿದರು. ಹಾಕಿ, ಹಿಂದೆ ಸರಿದು, ಇನ್ನೊಮ್ಮೆ ನೋಡಿದರು. ಅವರಿಗೂ ಗಾಬರಿಯಾದಂತಿತ್ತು.

"ಆರೂವರೆ" ಎಂದರು. "ಅಣ್ಣನ ಕೈಲಿ ಮೂವತ್ತು. ನಿಮ್ಮ ಕೈಲಿ ಆರೂವರೆ."

ಸಂಜೆಯೊಳಗೆ ಬೀದಿಗೆಲ್ಲ ಆರೂವರೆ ಗೊತ್ತಾಯಿತು. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಒಬ್ಬರಿಗೊಬ್ಬರು ಹೇಳಿಕೊಂಡರು. ಹೆಂಗಸು ಓಡಿಸಿದರೆ ಇಂಜಿನ್ನಿಗೂ ಗೊತ್ತಾಗುತ್ತದೆ ಎಂದು ಒಬ್ಬ. ಗಂಡನನ್ನು ನೆನೆಸಿಕೊಂಡು ಕಾರು ಕೊರಗುತ್ತಿದೆ ಎಂದು ಇನ್ನೊಬ್ಬ. ನಮ್ಮ ಮನೆಯವರೂ ರಾತ್ರಿ ಊಟಕ್ಕೆ ಕೂತು ನಕ್ಕರು. ನಾನು ಸಾರು ಬಡಿಸದೆ ಎದ್ದೆ.

ಕಾರಮ್ಮ ಮೆಕ್ಯಾನಿಕ್ಕನ ಹತ್ತಿರ ಹೋದರು. ಅವನು ಇಂಜಿನ್ನು ಕೇಳಿ, ಪೈಪುಗಳನ್ನು ಮುಟ್ಟಿ, "ಎಲ್ಲೂ ಸೋರ್ತಿಲ್ಲ ಕಣಮ್ಮ, ಗಾಡಿ ಗಟ್ಟಿಯಾಗೈತೆ" ಎಂದ. ಗಾಡಿ ಗಟ್ಟಿಯಾಗಿದ್ದರೆ ತಪ್ಪು ಯಾರದ್ದು? ಅಂದು ಸಂಜೆ ಅವರು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ನಾನು ಬೇಲಿಯ ಸಂದಿಯಿಂದ ನುಸುಳಿ ಹೋದೆ. ಬಲಗಾಲು ಮುಂದೆ ಚಾಚಿಕೊಂಡು ಅದನ್ನೇ ನೋಡುತ್ತಿದ್ದರು.

"ನನ್ನ ಕಾಲೇ ಭಾರ ಇರ್ಬೇಕು ಕಣೇ" ಎಂದರು. "ಅವರದು ಹೂವಿನಂಥ ಕಾಲು. ನಾನು ಮೆಟ್ಟಿ ಮೆಟ್ಟಿ ಕುಡಿಸ್ತಾ ಇದೀನೇನೋ."

ಅಷ್ಟು ವರ್ಷದಲ್ಲಿ ಅವರ ಮುಖದ ಮೇಲೆ ಅನುಮಾನ ಕಂಡದ್ದು ಅದೊಂದೇ ಸಲ. ನನಗೆ ತಡೆಯಲಾಗಲಿಲ್ಲ. "ಮಾರಲ್ಲ ಅಂದ್ಬಿಡಿ ಅಕ್ಕ. ಯಾರೇನ್ ಮಾಡ್ತಾರೆ?" ಎಂದೆ.

"ಮಾತು ಕೊಟ್ಟಿದೀನಲ್ಲೇ." ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

ಬಾನೆಟ್ಟಿನ ಮೇಲಿನ ಆ ಲೆಕ್ಕವನ್ನು ಅವರು ಒರೆಸಲೂ ಇಲ್ಲ. ನಾನು ಬಟ್ಟೆ ತೆಗೆದುಕೊಂಡು ಹೋದರೆ ಕೈ ಹಿಡಿದರು. "ಇರ್ಲಿ ಬಿಡು. ನಿಜ ಆದ್ರೆ ಎದುರಿಗೇ ಇರ್ಲಿ."

ಹೊಸಕೋಟೆಯಿಂದ ಕೊಳ್ಳುವವನು ಬಂದ. ದಪ್ಪಗೆ, ನಗುಮುಖದವನು. ಕೈಯಲ್ಲಿ ಛತ್ರಿ. ಕಾರನ್ನು ಸುತ್ತಿ ಬಂದು, ಚಕ್ರಗಳಿಗೆ ಒಂದೊಂದು ಒದೆ ಕೊಟ್ಟು, "ಎಷ್ಟು ಕೊಡುತ್ತಮ್ಮಾ?" ಎಂದ. ಮೈದುನರು ಬಾಯಿ ತೆರೆಯುವ ಮೊದಲೇ ಕಾರಮ್ಮ, "ಆರೂವರೆ. ಅಲ್ಲೇ ಬರ್ದೈತೆ ನೋಡ್ಕೋ" ಎಂದು ಬಾನೆಟ್ಟು ತೋರಿಸಿದರು. ಅವನು ಬೆಚ್ಚಿದ. ಇದೇ ನೆಪದಲ್ಲಿ ಬೆಲೆ ಚೆನ್ನಾಗಿ ಇಳಿಸಿಕೊಂಡ. ದುಡ್ಡು ಸಂಜೆ ಅವನ ತಮ್ಮ ತಂದು ಮುಟ್ಟಿಸುವುದು, ಕಾರನ್ನು ಬಂಕಿನ ಹತ್ತಿರ ಅವನ ವಶಕ್ಕೆ ಕೊಡುವುದು ಎಂದಾಯಿತು. ಬೀದಿಯ ಎದುರಿಗೆ ಬೇರೊಬ್ಬನು ಆ ಸೀಟಿನಲ್ಲಿ ಕೂರುವುದನ್ನು ನೋಡಲಾರೆ ಎಂದು ಕಾರಮ್ಮನೇ ಹಾಗೆ ಕೇಳಿದ್ದರು. ಜೊತೆಗೆ ನಾನೂ ಹೋದೆ. ಬರುವಾಗ ಅವರೊಬ್ಬರೇ ನಡೆದು ಬರಬಾರದು ಅನ್ನಿಸಿತು.

ಬಂಕಿನಲ್ಲಿ ಹೊಸಕೋಟೆಯವನು ಡಿಕ್ಕಿ ತೆರೆಸಿದ. ಒಳಗೆ ಯಜಮಾನರು ಇಟ್ಟುಕೊಳ್ಳುತ್ತಿದ್ದ ಪೆಟ್ರೋಲಿನ ಚೌಕ ಡಬ್ಬವೊಂದು ಖಾಲಿ ಬಿದ್ದಿತ್ತು. ದಾರಿಯಲ್ಲಿ ಪೆಟ್ರೋಲು ಮುಗಿದರೆ ಇರಲಿ ಎಂದು ಇಟ್ಟದ್ದು. ಅವರು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

"ಅಮ್ಮಾ, ಇದನ್ನೂ ತುಂಬಿಸಿಕೊಟ್ಟುಬಿಡಿ" ಎಂದು ಹಲ್ಲು ಕಿರಿದ. "ನಿಮ್ಮ ಗಾಡಿ ಕುಡಿಯೋ ರಭಸ ನೋಡಿದ್ರೆ ದೇವನಹಳ್ಳಿ ದಾಟೋ ಹೊತ್ತಿಗೇ ಕೈ ಕೊಟ್ಬಿಡುತ್ತೆ."

ಕಾರಮ್ಮ ಡಬ್ಬವನ್ನು ಬಂಕಿನವನ ಕೈಗೆ ಕೊಟ್ಟರು. ಅವನು ಪಂಪು ತಿರುಗಿಸಿದ. ಡಬ್ಬ ತುಂಬಿ ಬಾಯಿಗೆ ಬಂತು.

"ಒಂಬತ್ತು ಲೀಟ್ರು ಕಣಮ್ಮಾ" ಎಂದ.

"ಎಷ್ಟು?"

"ಒಂಬತ್ತು."

ಕಾರಮ್ಮ ಡಬ್ಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಅದರ ಪಕ್ಕೆಯಲ್ಲಿ ತಗಡಿನಲ್ಲೇ ಒತ್ತಿದ ಇಂಗ್ಲಿಷಿನ ಎರಡು ಎಂಬ ಅಂಕಿ. ಅದರ ಮೇಲೆ ಹೆಬ್ಬೆರಳು ಎಳೆದರು. "ಇದು ಎರಡು ಗ್ಯಾಲನ್ ಡಬ್ಬ ಕಣೇ" ಎಂದರು ನನಗೆ, ಮೆಲ್ಲಗೆ. "ಅವರು ಯಾವಾಗ್ಲೂ ಹೇಳ್ತಿದ್ರು. ಎರಡು ಗ್ಯಾಲನ್ ಹಾಕಿದ್ರೆ ಬೆಂಗ್ಳೂರಿಗೆ ಹೋಗಿ ಬಂದ್ಬಿಡಬಹುದು, ಅಂತ."

ನನಗೆ ಏನೂ ಹೊಳೆಯಲಿಲ್ಲ. ಆದರೆ ಅವರ ಮುಖ ನೋಡುತ್ತಿದ್ದ ಹಾಗೇ ಅಲ್ಲಿ ಏನೋ ಹತ್ತಿಕೊಂಡಿತು. ಎದ್ದರು. ಡಬ್ಬದ ಮುಚ್ಚಳ ಬಿಗಿದು ಡಿಕ್ಕಿಗಿಟ್ಟರು. ನನ್ನನ್ನು ಕಾರಿನೊಳಗೆ ತಳ್ಳಿದರು. ಹೊಸಕೋಟೆಯವನು ಡ್ರೈವರನ ಕಡೆಯ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅವರೇ ಕೂತು, ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿದ್ದರು.

"ಏನಮ್ಮಾ ಇದು? ಮಾತಾಗೈತಲ್ಲ!"

"ಮಾತಾಗಿದ್ದು ಆರೂವರೆ ಗಾಡೀಗೆ. ಇದು ಬೇರೆ ಗಾಡಿ" ಎಂದರು ಕಾರಮ್ಮ. "ಹೊಸಕೋಟೆ ಬಸ್ಸು ಅಗೋ ಅಲ್ಲಿ ನಿಲ್ಲುತ್ತೆ ನೋಡು. ಛತ್ರಿ ತಗೋ, ಬಿಸ್ಲು ಜಾಸ್ತಿ."

ಜಗಲಿಯ ಮೇಲೆ ಅದೇ ಹಿರಿಯರು, ಅದೇ ಮೈದುನರು. ಕಾಫಿ ಕುಡಿಯುತ್ತಿದ್ದರು. ಮಾರಿದ ಕಾರು ಮತ್ತೆ ಮನೆಯ ಮುಂದೆ ಬಂದು ನಿಂತದ್ದು ನೋಡಿ ಲೋಟಗಳು ಹಾಗೇ ನಿಂತವು. ಕಾರಮ್ಮ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಜಗಲಿಯ ಮೇಲೆ ದಢಾರನೆ ಇಟ್ಟರು. ಪೆಟ್ರೋಲಿನ ವಾಸನೆಗೆ ಒಬ್ಬರು ಬೀಡಿ ಆರಿಸಿ ದೂರ ಸರಿದರು.

"ಇದು ಯಾರ ಡಬ್ಬ?"

"ಅಣ್ಣಂದು" ಎಂದರು ಮೈದುನರು.

"ಎಷ್ಟು ಹಿಡಿಯುತ್ತೆ?"

"ಎರಡು ಗ್ಯಾಲನ್ನು."

"ಈಗ ಬಂಕಲ್ಲಿ ತುಂಬಿಸ್ಕೊಂಡು ಬಂದೆ. ಒಂಬತ್ತು ಲೀಟ್ರು ಹಿಡೀತು. ಇವಳೂ ನೋಡಿದಾಳೆ. ಮೊನ್ನೆ ಬೆಂಗ್ಳೂರಿಗೆ ಹೋಗಿ ಬಂದ್ವಲ್ಲ, ಟ್ಯಾಂಕು ಎಷ್ಟು ಹಿಡೀತಪ್ಪಾ?"

"ಒಂಬತ್ತು ಲೀಟ್ರು."

"ಅಂದ್ರೆ ಎಷ್ಟು ಗ್ಯಾಲನ್ನು?"

ಮೈದುನರು ಡಬ್ಬ ನೋಡಿದರು. ಕಾರು ನೋಡಿದರು. ಹಿರಿಯರ ಕಡೆ ನೋಡಿದರು. ಹಿರಿಯರು ಕಾಫಿ ನೋಡುತ್ತಿದ್ದರು.

"ಎರಡು" ಎಂದರು.

"ಓಡಿದ್ದು?"

"ಐವತ್ತೊಂಬತ್ತು ಮೈಲಿ."

"ಗ್ಯಾಲನ್ನಿಗೆ ಎಷ್ಟಾಯ್ತು? ಗಟ್ಟಿಯಾಗಿ ಹೇಳಪ್ಪಾ, ಮಗ್ಗದ ಸದ್ದಲ್ಲಿ ಕೇಳಿಸ್ತಿಲ್ಲ."

"ಮೂವತ್ತು" ಎಂದರು ಮೈದುನರು. ಆಮೇಲೆ ನಿಜಕ್ಕೂ ಗಟ್ಟಿಯಾಗಿ, "ಮೂವತ್ತೇ ಅತ್ಗೆಮ್ಮ."

ಗ್ಯಾಲನ್ನಿನ ಮೂವತ್ತನ್ನೂ ಲೀಟರಿನ ಆರೂವರೆಯನ್ನೂ ಪಕ್ಕಪಕ್ಕ ನಿಲ್ಲಿಸಿ ಊರಿಗೂರೇ ನಕ್ಕಿತ್ತು. ಎರಡೂ ಒಂದೇ. ಕರಿಬೇವಿನ ಅಜ್ಜಿಯ ಕುಕ್ಕೆ ಸೇರಿ, ಇಳಿಜಾರಿನಲ್ಲಿ ಇಂಜಿನ್ನು ಓಡುತ್ತಲೇ ಇದ್ದು, ಆ ಕಾರು ಅಣ್ಣನ ಕಾಲಿಗೆ ಎಷ್ಟು ಓಡಿತ್ತೋ ಅತ್ತಿಗೆಯ ಕಾಲಿಗೂ ಅಷ್ಟೇ ಓಡಿತ್ತು.

ಮೈದುನರು ಕೆಟ್ಟವರಲ್ಲ ಎಂದೆನಲ್ಲ. ಎದ್ದು ಹೋಗಿ ಹೆಗಲ ಮೇಲಿನ ಟವಲಿನಿಂದ ಬಾನೆಟ್ಟಿನ ಮೇಲಿನ ಲೆಕ್ಕವನ್ನು ಒರೆಸಿದರು. ತಿರುಗಿ ಬಂದು, "ತಪ್ಪಾಯ್ತು. ಚೆನ್ನಾಗೇ ಓಡಿಸ್ತೀರ. ಕಾರು ನೀವೇ ಇಟ್ಕೊಳ್ಳಿ" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಒಳಗೆ ಹೋಗಿ ದೇವರಿಗೆ ದೀಪ ಹಚ್ಚುತ್ತಿದ್ದರು. ಕಾರಮ್ಮನಿಗೆ ನಿಜವಾದ ಸಿಟ್ಟು ಬಂದದ್ದೇ ಆಗ.

"ಇಟ್ಕೊಳ್ಳಿ ಅಂತ ಕೊಡೋಕೆ ನೀನ್ಯಾರಪ್ಪಾ?" ಎಂದರು. ದನಿ ಏರಲಿಲ್ಲ. ಅದಕ್ಕೇ ಎಲ್ಲರಿಗೂ ಕೇಳಿಸಿತು. "ನಿಜವಾಗ್ಲೂ ಆರೂವರೆ ಬಂದಿದ್ರೆ? ನನ್ನ ಕಾಲು ನಿಜವಾಗ್ಲೂ ಭಾರ ಇದ್ದಿದ್ರೆ? ಆಗ ನಾನು ಮನೇಲಿ ಕೂತ್ಕೋಬೇಕಾಗಿತ್ತಾ? ನಿಮ್ಮಣ್ಣ ಮೂವತ್ತು ಅಂತ ಹೇಳಿದ್ರು, ಯಾರಾದ್ರೂ ಬಂಕಿಗೆ ಕರ್ಕೊಂಡು ಹೋಗಿ ಅಳೆದ್ರಾ? ಅವರು ಹೇಳಿದ್ರೆ ಆಯ್ತು, ನಾನು ಹೇಳಿದ್ರೆ ಅಳೀಬೇಕು. ಅಳೆಯೋಕೆ ಒಪ್ಪಿದ್ದೇ ನನ್ನ ತಪ್ಪು. ಮೂವತ್ತು ಬಂತು ಅಂತ ಇಟ್ಕೊಳ್ತಿಲ್ಲ ನಾನು. ಮೂರು ಬಂದ್ರೂ ಇದು ನನ್ನದು. ಮಾತು ಕೊಟ್ಟಿದ್ನಲ್ಲ, ಅದನ್ನ ಈಗ ವಾಪಸ್ ತಗೊಂಡಿದೀನಿ. ಎಲ್ಲರೂ ಕೇಳಿಸ್ಕೊಳ್ಳಿ."

ಹಿರಿಯರಲ್ಲೊಬ್ಬರು, "ಕೊಟ್ಟ ಮಾತು ವಾಪಸ್ ತಗೊಳ್ಳೋದುಂಟೇನಮ್ಮ?" ಎಂದು ಗೊಣಗಿದರು.

"ಸರ್ಕಾರ ಗ್ಯಾಲನ್ನೇ ವಾಪಸ್ ತಗೊಳ್ತು, ಸ್ವಾಮಿ" ಎಂದರು ಕಾರಮ್ಮ.

ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಹೊರಟೆವು. ದಾರಿಯಲ್ಲಿ ಕರಿಬೇವಿನ ಅಜ್ಜಿ ಹತ್ತಿದಳು.

ಆಮೇಲೆ ಪೆಟ್ರೋಲಿನ ಬೆಲೆಗೆ ಬೆಂಕಿ ಬಿದ್ದ ಕಾಲ ಬಂತು. ಊರಿನ ದೊಡ್ಡ ದೊಡ್ಡವರೇ ಕಾರನ್ನು ಚಪ್ಪರಕ್ಕೆ ಕಟ್ಟಿ ಬಸ್ಸು ಹತ್ತಿದರು. ಎಲ್ಲರ ಬಾಯಲ್ಲೂ ಎಷ್ಟು ಕೊಡುತ್ತೆ, ಎಷ್ಟು ಕೊಡುತ್ತೆ. ಕಾರಮ್ಮ ವಾರಕ್ಕೆ ಹೋಗುವ ಸರದಿ ಕಡಿಮೆ ಮಾಡಿದರು, ಗಂಟು ಹೆಚ್ಚು ಹೇರಿದರು, ಆದರೆ ನಿಲ್ಲಿಸಲಿಲ್ಲ. ಟ್ಯಾಂಕು ತುಂಬಿಸಿದಾಗಲೆಲ್ಲ ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ಗಾಡಿಗೆ ಮೈ ಸರಿಯಿಲ್ಲದಿದ್ದರೆ ಮೊದಲು ಗೊತ್ತಾಗುವುದೇ ಅದರಿಂದ ಎಂದು ನನಗೂ ಕಲಿಸಿಕೊಟ್ಟರು. ಅಂಕಿಯನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಯಾರಾದರೂ ಎಷ್ಟು ಕೊಡುತ್ತೆ ಎಂದು ಬಾಯಿಬಿಟ್ಟರೆ ಸಿದ್ಧವಾದ ಉತ್ತರ ಒಂದಿತ್ತು. ಅಂಗಡಿಯವರಿಗೆ, ಪೊಲೀಸಿನವನಿಗೆ, ಒಮ್ಮೆ ನಮ್ಮ ಮನೆಯವರಿಗೂ ಅದೇ ಉತ್ತರ.

ತಿಥಿಯ ದಿನ ಹಿತ್ತಲಿನಲ್ಲಿ ಆ ನೆಂಟರು ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದಾಗ ಆ ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳುವ ಮೊದಲೇ ಮೈದುನರ ಕಡೆ ಕಣ್ಣು ಹೋಯಿತು. ಮೈದುನರು ತೊಳೆಯುವ ಕಲ್ಲಿನ ಹತ್ತಿರ ಕೈಯೊರೆಸಿಕೊಳ್ಳುತ್ತ ನಿಂತಿದ್ದರು. ಈಗ ಮೀಸೆಯೆಲ್ಲ ಬೆಳ್ಳಗಾಗಿದೆ. ನಿಧಾನವಾಗಿ ಬಂದು, ನೆಂಟರ ಕೈಯನ್ನು ಬಾನೆಟ್ಟಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟು, ಹೆಗಲ ಟವಲಿನಿಂದ ಆ ಜಾಗವನ್ನು ಒರೆಸಿದರು.

"ಕೇಳೋರಿಗೆ ಅದು ಏನೂ ಕೊಡಲ್ಲ" ಎಂದರು, ಅತ್ತಿಗೆಯದೇ ಮಾತಿನಲ್ಲಿ. "ನಂಗೂ ಕೊಡ್ಲಿಲ್ಲ."